ಉಮ್ಮನೂ ಬರಲಿ: ಭಾನುವಾರದ ಪ್ರವಾಸ ಮತ್ತು ದೂರದ ಹಂಬಲ

ಭಾನುವಾರ ಫಜ್ರ್ ನಮಾಝ್ ಮುಗಿಸಿ ಮಸೀದಿಯಿಂದ ಹೊರಬಂದರೆ ನಮ್ಮ ಉಡುಪಿ ಕಡೆಯ ರಸ್ತೆಗಳಲ್ಲಿ ಒಂದೇ ನೋಟ. ನಾಲ್ಕೈದು ಬೈಕು, ಹೆಲ್ಮೆಟ್ ಹಾಕಿದ ಹುಡುಗರು, ಬೆನ್ನಿಗೊಂದು ಬ್ಯಾಗು. ಎಲ್ಲಿಗೆ ಎಂದು ಕೇಳಿದರೆ ಆಗುಂಬೆ ಎನ್ನುತ್ತಾರೆ, ಕುದುರೆಮುಖ ಎನ್ನುತ್ತಾರೆ. ವಾರವಿಡೀ ಅಂಗಡಿಯಲ್ಲೋ ಆಫೀಸಿನಲ್ಲೋ ಕೂತು ದಣಿದ ಮನಸ್ಸು ಹಸಿರನ್ನು ಬಯಸುವುದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ.

ನಮ್ಮ ಮನೆಯಲ್ಲೂ ಹೀಗೆಯೇ ನಡೆಯುತ್ತಿತ್ತು. ಹುಡುಗರು ಹೊರಡುತ್ತಿದ್ದರು, ಉಮ್ಮ ನಸುಕಿನಲ್ಲೇ ಎದ್ದು ಬುತ್ತಿ ಕಟ್ಟಿಕೊಡುತ್ತಿದ್ದರು. ಒಂದು ದಿನ ಮಗನ ಮೊಬೈಲಿನಲ್ಲಿ ಜೋಗದ ವೀಡಿಯೊ ನೋಡುತ್ತಾ ಅವರು ಕೇಳಿದರು: “ಮಗಾ, ಇದರ ಶಬ್ದ ಎಷ್ಟು ದೂರಕ್ಕೆ ಕೇಳಿಸುತ್ತದೆ?” ಅರುವತ್ತು ದಾಟಿದ ಉಮ್ಮ ಮದುವೆ, ಮರಣ, ಆಸ್ಪತ್ರೆ ಎಂಬ ಈ ಮೂರು ಕಾರಣಗಳಿಗಲ್ಲದೆ ಊರು ದಾಟಿದವರಲ್ಲ. ಆ ಪ್ರಶ್ನೆಯ ಮುಂದೆ ನಾವು ತಲೆತಗ್ಗಿಸಿದೆವು. ಈ ಲೇಖನ ಹುಟ್ಟಿದ್ದೇ ಅಲ್ಲಿಂದ.

ನೋಡುವುದಕ್ಕಾಗಿ ನಡೆಯುವುದು

ಭೂಮಿಯಲ್ಲಿ ಸಂಚರಿಸಿ ಸೃಷ್ಟಿ ಹೇಗೆ ಆರಂಭವಾಯಿತೆಂದು ನೋಡಲು ಪವಿತ್ರ ಕುರ್‌ಆನ್ ಕರೆ ಕೊಡುತ್ತದೆ. ಆ ಕರೆ ಗಂಡಸರಿಗೆ ಮಾತ್ರ ಸೀಮಿತವಲ್ಲ. ಪ್ರವಾದಿ(ಸ)ರು ಪ್ರಯಾಣಗಳಲ್ಲಿ ಪತ್ನಿಯರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಒಂದು ಪ್ರಯಾಣದಲ್ಲಿ ಅವರು ಹ. ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದನ್ನು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಓದುತ್ತೇವೆ. ಮನೆಯವರ ಜೊತೆ ಬಯಲಿನಲ್ಲಿ ನಗುವುದು, ಓಡುವುದು ನಮ್ಮ ಘನತೆಗೆ ಕುಂದು ಎಂದು ಭಾವಿಸುವವರು ಇದನ್ನು ನೆನಪಿಸಿಕೊಳ್ಳಬೇಕು.

ನೋಡಲು ದೂರ ಹೋಗಬೇಕೆಂದೂ ಇಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಕಪ್ಪು ಕಲ್ಲುಗಳು ಕೋಟ್ಯಂತರ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದ ಲಾವಾ ತಣ್ಣಗಾಗಿ ಸೀಳಿ ಉಂಟಾದವು. ನಾವು ಫೋಟೊ ತೆಗೆಸಿಕೊಂಡು ಹಿಂದಿರುಗುವ ಆ ಕಲ್ಲಿನ ಕಥೆಯನ್ನು ಮಕ್ಕಳಿಗೆ ಹೇಳಿದರೆ ಅದು ಪ್ರವಾಸವೂ ಹೌದು, ಪಾಠವೂ ಹೌದು.

ಟಾಂಜಿಯರ್‌ನಿಂದ ಬಾರ್ಕೂರಿಗೆ

ದೂರದ ಹಂಬಲ ಎಂದಾಗ ನೆನಪಾಗುವ ಹೆಸರು ಇಬ್ನ್ ಬತೂತ. 1304ರಲ್ಲಿ ಮೊರಾಕ್ಕೊದ ಟಾಂಜಿಯರ್‌ನಲ್ಲಿ ಹುಟ್ಟಿದ ಅವರು 1325ರಲ್ಲಿ, ತಮ್ಮ 21ನೇ ವಯಸ್ಸಿನಲ್ಲಿ, ಹಜ್ಜ್ ಉದ್ದೇಶದಿಂದ ಒಂಟಿಯಾಗಿ ಹೊರಟರು. ಆ ಪ್ರಯಾಣ ಹಜ್ಜ್‌ಗೆ ನಿಲ್ಲಲಿಲ್ಲ. ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ಆಡಳಿತದಲ್ಲಿ ಖಾಝಿಯಾಗಿ ಕೆಲಸ ಮಾಡಿದರು. ಬಳಿಕ ಚೀನಾಕ್ಕೆ ರಾಯಭಾರಿಯಾಗಿ ಹೊರಟಾಗ ನಮ್ಮ ಕರಾವಳಿಯನ್ನು ಹಾದುಹೋದರು.

ಅವರ ‘ರಿಹ್ಲಾ’ ಕೃತಿಯಲ್ಲಿ ಹೊನ್ನಾವರ ಇದೆ, ಬಾರ್ಕೂರು ಇದೆ, ಮಂಗಳೂರು ಇದೆ. ಹೊನ್ನಾವರದಲ್ಲಿ ಅವರ ಗಮನ ಸೆಳೆದದ್ದು ಏನು ಗೊತ್ತೇ? ಹುಡುಗರಿಗೆ 23 ಮತ್ತು ಹುಡುಗಿಯರಿಗೆ 13 ಶಾಲೆಗಳು. ಜೊತೆಗೆ ಕುರ್‌ಆನ್ ಕಂಠಪಾಠ ಮಾಡಿದ ಮಹಿಳೆಯರು. ಅರ್ಧ ಲೋಕ ಸುತ್ತಿದ ಪ್ರಯಾಣಿಕನಿಗೂ ಇದು ಬೇರೆಲ್ಲೂ ಕಾಣದ ಸಂಗತಿಯಾಗಿ ತೋರಿತು. ಉಡುಪಿಯಿಂದ ಅರ್ಧ ಗಂಟೆಯ ಹಾದಿಯಲ್ಲಿರುವ ಬಾರ್ಕೂರಿಗೆ ಮಕ್ಕಳನ್ನು ಕರೆದೊಯ್ದು ಇದನ್ನು ಹೇಳಿದರೆ, ದೊಡ್ಡ ಲೋಕದ ದಾರಿ ನಮ್ಮ ಅಂಗಳದಲ್ಲೇ ಹಾದುಹೋಗಿತ್ತು ಎಂಬುದು ಅವರಿಗೆ ಅರ್ಥವಾಗುತ್ತದೆ.

ಆದರೆ ಆ ಕಥೆಗೆ ಇನ್ನೊಂದು ಮುಖವಿದೆ. ಹಿಂದಿರುಗುವ ದಾರಿಯಲ್ಲಿ ದಮಾಸ್ಕಸ್ ತಲುಪಿದಾಗ, ತಂದೆ ತೀರಿಹೋಗಿ 15 ವರ್ಷಗಳಾದ ಸುದ್ದಿ ಅವರಿಗೆ ಸಿಕ್ಕಿತು. ಊರು ಸೇರುವ ಮೊದಲೇ ತಾಯಿ ಪ್ಲೇಗಿಗೆ ಬಲಿಯಾಗಿದ್ದರು. ಸುಮಾರು 24 ವರ್ಷಗಳ ಬಳಿಕ ಬಂದ ಮಗನಿಗೆ ತಾಯಿಯ ಕಬರಿನ ಬಳಿ ನಿಲ್ಲುವುದಷ್ಟೇ ಉಳಿದಿತ್ತು. ಪ್ರಯಾಣದ ಉದ್ದೇಶ ಮುಗಿದರೆ ಬೇಗನೆ ಮನೆಯವರ ಬಳಿಗೆ ಮರಳಬೇಕೆಂದು ಪ್ರವಾದಿ(ಸ)ರು ಕಲಿಸಿದ್ದೇಕೆ ಎಂಬುದು ಇಲ್ಲಿ ಮನಸ್ಸಿಗೆ ತಟ್ಟುತ್ತದೆ. ಹಂಬಲ ಒಳ್ಳೆಯದೇ. ಆದರೆ ನಮಗಾಗಿ ಬಾಗಿಲಲ್ಲಿ ಕಾಯುವವರ ವಯಸ್ಸು ನಿಲ್ಲುವುದಿಲ್ಲ.

ನಮಾಝ್ ಹೇಗೆ?

“ಹೊರಟರೆ ನಮಾಝ್ ತಪ್ಪುತ್ತದೆ” ಎಂಬುದು ಹಿರಿಯರು ಮನೆಯಲ್ಲೇ ಉಳಿಯಲು ಕೊಡುವ ಮುಖ್ಯ ಕಾರಣ. ಸ್ವಲ್ಪ ತಿಳಿದುಕೊಂಡರೆ ಈ ಚಿಂತೆ ಕರಗುತ್ತದೆ.

ದೂರದ ಪ್ರಯಾಣದಲ್ಲಿ ಝುಹ್ರ್, ಅಸ್ರ್, ಇಶಾ ನಮಾಝ್‌ಗಳನ್ನು ನಾಲ್ಕರ ಬದಲು ಎರಡು ರಕಅತ್‌ಗೆ ಇಳಿಸುವುದೇ ಖಸ್ರ್. ಫಜ್ರ್ ಮತ್ತು ಮಗ್ರಿಬ್‌ಗೆ ಇದಿಲ್ಲ. ಹೋಗುವ ಜಾಗ ಸುಮಾರು 80 ಕಿಲೋಮೀಟರ್ ಅಥವಾ ಅದಕ್ಕಿಂತ ದೂರವಿರಬೇಕು. ನಿಖರ ಲೆಕ್ಕದಲ್ಲಿ ವಿದ್ವಾಂಸರ ನಡುವೆ ಸಣ್ಣ ವ್ಯತ್ಯಾಸವಿದೆ. ಇದು ಹೋಗುವ ದೂರ ಮಾತ್ರ, ಹೋಗಿಬರುವ ಒಟ್ಟು ದೂರವಲ್ಲ. ಹಾಗಾಗಿ ಉಡುಪಿಯಿಂದ ಸುಮಾರು 55 ಕಿಲೋಮೀಟರ್ ದೂರದ ಆಗುಂಬೆಗೆ ಹೋದವರಿಗೆ ಖಸ್ರ್ ಇಲ್ಲ. ನೂರು ಕಿಲೋಮೀಟರಿಗೂ ಮಿಕ್ಕಿದ ಜೋಗಕ್ಕೆ ಹೊರಟವರು ಊರಿನ ಗಡಿ ದಾಟಿದ ಬಳಿಕ ಖಸ್ರ್ ಮಾಡಬಹುದು. ಸ್ಥಳೀಯ ಇಮಾಮರ ಹಿಂದೆ ನಿಂತರೆ ಪೂರ್ಣವಾಗಿಯೇ ನಿರ್ವಹಿಸಬೇಕು.

ಶಾಫಿಈ ಮದ್‌ಹಬ್‌ನವರು ಇಂತಹ ಪ್ರಯಾಣದಲ್ಲಿ ಝುಹ್ರ್-ಅಸ್ರ್ ಹಾಗೂ ಮಗ್ರಿಬ್-ಇಶಾಗಳನ್ನು ಜೋಡಿಸಿ ನಿರ್ವಹಿಸಬಹುದು. ಹನಫಿಗಳು ಪ್ರತಿಯೊಂದನ್ನೂ ಅದರದೇ ಸಮಯದಲ್ಲಿ ನಿರ್ವಹಿಸುತ್ತಾರೆ. ಹಾಗಾಗಿ ಹೊರಡುವ ಮೊದಲೇ ದಾರಿಯ ಮಸೀದಿಗಳನ್ನು, ಅದರಲ್ಲೂ ಮಹಿಳೆಯರಿಗೆ ವುಝೂ ಮತ್ತು ಶೌಚಾಲಯದ ವ್ಯವಸ್ಥೆ ಇರುವ ಜಾಗಗಳನ್ನು ವಿಚಾರಿಸಿಟ್ಟುಕೊಳ್ಳಬೇಕು. ಬಹಳಷ್ಟು ಹೆಂಗಸರು ಪ್ರವಾಸದಲ್ಲಿ ನೀರು ಕುಡಿಯದೆ ಸಂಕಟಪಡುವುದು ಈ ಒಂದು ಅನನುಕೂಲದಿಂದ. ಸಂದೇಹಗಳಿದ್ದರೆ ನಿಮ್ಮ ಉಸ್ತಾದರಲ್ಲಿ ಕೇಳಿ.

ನೀರಿನ ಬಗ್ಗೆ ಎಚ್ಚರ

ಮಳೆಗಾಲದಲ್ಲಿ ಸಮುದ್ರಕ್ಕಿಳಿದ ಮಕ್ಕಳ ಜನಾಝಾ ಹೊತ್ತ ಹೆಗಲುಗಳು ನಮ್ಮ ಕರಾವಳಿಯಲ್ಲಿ ಕಡಿಮೆಯೇನಿಲ್ಲ. ಅವರಲ್ಲಿ ಈಜು ಬಲ್ಲವರೂ ಇದ್ದರು. ಇದು ಹೇಗೆ ಆಗುತ್ತದೆ?

ಅಲೆಗಳು ದಡಕ್ಕೆ ತಂದ ನೀರು ಹಿಂದಿರುಗಲೇಬೇಕು. ಅದು ಕೆಲವೆಡೆ ಇಕ್ಕಟ್ಟಾದ ಒಂದು ದಾರಿ ಮಾಡಿಕೊಂಡು ರಭಸದಿಂದ ಕಡಲಿನತ್ತ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ನೋಡುವವರಿಗೆ ಅದೇ ಶಾಂತವಾಗಿ ಕಾಣುತ್ತದೆ. ಹಾಗಾಗಿ ಜನ ಅಲ್ಲೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕಿದವರು ಗಾಬರಿಯಿಂದ ನೇರ ದಡದತ್ತ ಈಜಲು ಹೋಗಿ ಸೋತುಹೋಗುತ್ತಾರೆ. ಸೆಳೆತ ನೀರಿನ ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ತೇಲುತ್ತಾ ಕೈ ಎತ್ತಿ ಸಹಾಯ ಕೇಳಬೇಕು. ಈಜುವ ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡದತ್ತ ತಿರುಗಬೇಕು. ದಡದಲ್ಲಿರುವವರು ಹಾರಬಾರದು. ಹಗ್ಗ, ಖಾಲಿ ಕ್ಯಾನು, ಚೆಂಡು ಏನಾದರೂ ಎಸೆದು 112ಕ್ಕೆ ಕರೆ ಮಾಡಬೇಕು. ಮಳೆಗಾಲದಲ್ಲಿ ಕಡಲಿಗೆ ಇಳಿಯದಿರುವುದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ.

ಜಲಪಾತದ ಬುಡದಲ್ಲೂ ಅಷ್ಟೇ. ನಾವು ನಿಂತಲ್ಲಿ ಬಿಸಿಲಿದ್ದರೂ ಬೆಟ್ಟದ ಮೇಲೆ ಮಳೆ ಬಿದ್ದರೆ ನೀರು ಹಠಾತ್ತಾಗಿ ಏರುತ್ತದೆ. ನೀರಿನ ಬಣ್ಣ ಕೆಂಪಾಗಿ ಎಲೆ-ಕಡ್ಡಿ ತೇಲಿಬಂದರೆ ತಕ್ಷಣ ಮೇಲೆ ಬನ್ನಿ. ಪಾಚಿ ಕಟ್ಟಿದ ಬಂಡೆಯ ಮೇಲಿನ ಸೆಲ್ಫಿಗೆ ಜೀವದ ಬೆಲೆ ಕೊಡಬೇಡಿ.

ಎದ್ದು ಬರುವಾಗ ಬಿರಿಯಾನಿ ಪೊಟ್ಟಣ, ನೀರಿನ ಬಾಟಲಿ ಹಿಂದೆ ಬಿಡಬಾರದು. ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆಯುವುದೇ ಈಮಾನಿನ ಭಾಗವಾಗಿರುವಾಗ, ಅದನ್ನು ಎಸೆದು ಬರುವುದನ್ನು ಏನೆನ್ನಬೇಕು?

ಸ್ವಲ್ಪ ಸ್ವಲ್ಪವಾಗಿ ದೂರ

ದೊಡ್ಡ ಪ್ರವಾಸಕ್ಕೆ ಸಾಲ ಮಾಡಬೇಕಾಗಿಲ್ಲ. ಬಡ್ಡಿಯ ಕಂತಿನ ಮೇಲೆ ನಿಂತ ಪ್ರವಾಸದ ಸುಖ ಮನೆಗೆ ಬಂದ ಮೇಲೆ ಉಳಿಯುವುದೂ ಇಲ್ಲ. ಮನೆಯಲ್ಲೊಂದು ಡಬ್ಬಿ ಇಡಿ; ತಿಂಗಳಿಗಿಷ್ಟು ಎಂದು ಹಾಕಿ. 2023ರ ಜೂನ್‌ನಿಂದ ರಾಜ್ಯದೊಳಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರವಿಲ್ಲ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಾರ್ಗ ನಮ್ಮನ್ನು ಗೋವಾಕ್ಕೂ ಮುಂಬೈಗೂ ಜೋಡಿಸಿದೆ. ಮೊದಲು ಜಿಲ್ಲೆ, ಬಳಿಕ ರಾಜ್ಯ, ಬಳಿಕ ದೇಶ. ಉಮ್ರಾದ ಆಸೆಯಿರುವವರು ಪಾಸ್‌ಪೋರ್ಟ್ ಮಾಡಿಸಿಟ್ಟುಕೊಳ್ಳಿ. ವಯಸ್ಕರಿಗೆ ಅದು 10 ವರ್ಷ ಬಾಳುತ್ತದೆ.

ಆ ಆಗಸ್ಟ್‌ನಲ್ಲಿ ನಾವು ಉಮ್ಮನನ್ನು ಜೋಗಕ್ಕೆ ಕರೆದುಕೊಂಡು ಹೋದೆವು. ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ಬೇಸಿಗೆಯಲ್ಲಿ ಅಲ್ಲಿ ನೀರು ತೆಳ್ಳಗಿರುತ್ತದೆ. ಮಳೆ ಚೆನ್ನಾಗಿ ಹಿಡಿದ ಮೇಲೆ ಹೋಗುವುದೇ ಒಳ್ಳೆಯದು. 253 ಮೀಟರ್ ಎತ್ತರದಿಂದ ಶರಾವತಿ ಬೀಳುತ್ತಿತ್ತು. ಮಂಜು ಸರಿದಾಗ ಉಮ್ಮ “ಸುಬ್‌ಹಾನಲ್ಲಾಹ್” ಎಂದರು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಝುಹ್ರ್ ಎರಡು ರಕಅತ್ ನಮಾಝ್ ಮುಗಿಸಿ ಕಾರು ಹತ್ತುವಾಗ ರಸ್ತೆಯ ಬೋರ್ಡು ನೋಡಿ ಕೇಳಿದರು: “ಈ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಯಾವ ಊರು?”

ಹಂಬಲ ಹುಡುಗರ ಸೊತ್ತೆಂದು ನಾವು ತಿಳಿದಿದ್ದೆವು. ಅದು ಅಡುಗೆಮನೆಯಲ್ಲಿ ಬುತ್ತಿ ಕಟ್ಟುತ್ತಾ ನಲ್ವತ್ತು ವರ್ಷ ಕಾದು ಕೂತಿತ್ತು. ಮುಂದಿನ ಭಾನುವಾರ ನೀವು ಹೊರಡುವಾಗ ಬುತ್ತಿಯನ್ನು ಮಾತ್ರವಲ್ಲ, ಅದನ್ನು ಕಟ್ಟಿದವರನ್ನೂ ಕರೆದುಕೊಂಡು ಹೋಗಿ. ಅಲ್ಲಾಹನು ನಮ್ಮ ಪ್ರಯಾಣಗಳನ್ನು ಸುರಕ್ಷಿತಗೊಳಿಸಲಿ. ಆಮೀನ್.