ಪುಟ್ಟ ಮಕ್ಕಳೊಂದಿಗೆ ಮೈಸೂರು ಮೃಗಾಲಯ

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯ ಶುರುವಾದದ್ದು 1892ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ. ಮೊದಲು ಅರಮನೆಯ ಮೃಗಾಲಯವೆಂದೇ ಕರೆಯುತ್ತಿದ್ದ ಇದಕ್ಕೆ ಈಗಿನ ಹೆಸರು ಬಂದದ್ದು 1909ರಲ್ಲಿ. ತೋಟವನ್ನು ರೂಪಿಸುವಲ್ಲಿ ಜರ್ಮನಿಯ ಉದ್ಯಾನ ತಜ್ಞ ಜಿ.ಎಚ್. ಕೃಂಬಿಗಲ್ ಅವರ ಪಾತ್ರ ದೊಡ್ಡದು. ಚಿಕ್ಕ ಮಕ್ಕಳನ್ನು ಕರೆತರುವವರಿಗೆ ಇದರ ಲಾಭ ನೇರವಾಗಿ ಸಿಗುತ್ತದೆ: ದಾರಿಯ ಬಹುಭಾಗದಲ್ಲಿ ಹಳೆಯ ಮರಗಳ ದಟ್ಟ ನೆರಳಿದೆ.

ಮಂಗಳವಾರ ಮೃಗಾಲಯಕ್ಕೆ ವಾರದ ರಜೆ. ಉಳಿದ ದಿನಗಳಲ್ಲಿ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುತ್ತದೆ, ಮಕ್ಕಳಿಗೆ ಅದೇ ಅತ್ಯುತ್ತಮ ಹೊತ್ತು. ಹುಲಿ, ಚಿರತೆಗಳು ಚುರುಕಾಗಿರುವುದು ಮುಂಜಾವು ಮತ್ತು ಮುಸ್ಸಂಜೆಯಲ್ಲಿ. ಬಿಸಿಲೇರಿದ ಮೇಲೆ ನೆರಳು ಹುಡುಕಿ ಮಲಗಿಬಿಡುತ್ತವೆ. ಭಾನುವಾರ, ಬೇಸಿಗೆ ರಜೆ ಮತ್ತು ದಸರಾ ದಿನಗಳಲ್ಲಿ ಜನ ಕಿಕ್ಕಿರಿಯುವುದರಿಂದ ಪುಟ್ಟ ಮಗುವಿಗೆ ದೊಡ್ಡವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ವಾರದ ನಡುವಿನ ದಿನವೊಂದನ್ನು ಬಿಡುವು ಮಾಡಿಕೊಳ್ಳುವುದು ಸಾಧ್ಯವಾದರೆ ಅರ್ಧ ಕಷ್ಟ ಅಲ್ಲಿಗೇ ಮುಗಿಯಿತು.

ಒಳಗಿನ ಸುತ್ತು ಸುಮಾರು ಮೂರು ಕಿಲೋಮೀಟರ್. ದೊಡ್ಡವರಿಗೆ ಇದು ಲೆಕ್ಕಕ್ಕಿಲ್ಲ, ಮೂರು ವರ್ಷದ ಮಗುವಿಗೆ ಬಹಳ. ನಡೆಯಲಾಗದವರಿಗೆ ಬ್ಯಾಟರಿ ವಾಹನಗಳಿವೆ. ಅಜ್ಜ ಅಜ್ಜಿಯರಿಗೆ ಅವು ವರವೇ ಸರಿ. ಆದರೆ ಮಕ್ಕಳಿಗೆ ಬೇಕಾದದ್ದು ನಿಂತು ನೋಡುವ ಬಿಡುವು. ಕೊಟ್ಟ ಟಿಕೆಟ್ಟಿಗೆ ಎಲ್ಲ ಪ್ರಾಣಿಗಳನ್ನೂ ನೋಡಿ ಮುಗಿಸಲೇಬೇಕೆಂಬ ಹಟವೇ ಇಂಥ ಪ್ರವಾಸಗಳನ್ನು ಕೆಡಿಸುವುದು. ಐದಾರು ಪ್ರಾಣಿಗಳನ್ನು ಮನದಣಿಯೆ ನೋಡಿದ ಮಗು ತಿಂಗಳುಗಟ್ಟಲೆ ಅವುಗಳ ಬಗ್ಗೆ ಮಾತಾಡುತ್ತದೆ. ಸಿಂಹದ ಎದುರು ನಿಂತೂ ಅಲ್ಲೇ ಓಡಾಡುವ ಅಳಿಲನ್ನೇ ನೋಡುತ್ತಿದ್ದರೆ ಅದನ್ನು ತಡೆಯುವ ಅಗತ್ಯವಿಲ್ಲ.

ಜಿರಾಫೆಯ ಮುಂದೆ ಹೆಚ್ಚು ಹೊತ್ತು ಕಳೆಯಬಹುದು. ಅಷ್ಟು ಉದ್ದದ ಕತ್ತಿನಲ್ಲಿರುವುದು ಏಳೇ ಮೂಳೆಗಳು, ಮನುಷ್ಯರ ಕತ್ತಿನಲ್ಲಿರುವಷ್ಟೇ. ಕಪ್ಪು ಛಾಯೆಯ ನಾಲಿಗೆ ಒಂದೂವರೆ ಅಡಿಯಷ್ಟು ಉದ್ದ. ಅದನ್ನು ಚಾಚಿ ಎಲೆ ಎಳೆದುಕೊಳ್ಳುವುದನ್ನು ನೋಡಲು ಮಕ್ಕಳಿಗೆ ಬಲು ಇಷ್ಟ. ಹುಟ್ಟಿದ ಮರಿಯೇ ಸುಮಾರು ಆರು ಅಡಿ ಎತ್ತರ, ಅಂದರೆ ಅಪ್ಪನಿಗಿಂತ ಎತ್ತರ ಎಂದರೆ ಮಗುವಿಗೆ ಥಟ್ಟನೆ ತಿಳಿಯುತ್ತದೆ. ನೀರಾನೆಯ ಕೊಳದ ಬಳಿ ತಾಳ್ಮೆ ಬೇಕು. ಅದರ ಚರ್ಮ ಬಿಸಿಲಿಗೆ ಬೇಗ ಒಣಗುವುದರಿಂದ ಹಗಲೆಲ್ಲ ನೀರಲ್ಲೇ ಇರುತ್ತದೆ, ಆದರೆ ಕೆಲವು ನಿಮಿಷಗಳಿಗೊಮ್ಮೆ ಉಸಿರಿಗಾಗಿ ಮೇಲೆ ಬರಲೇಬೇಕು. ಒಂದು, ಎರಡು ಎಂದು ಎಣಿಸುತ್ತ ಕಾದರೆ ಮೂಗಿನ ಹೊಳ್ಳೆ, ಕಿವಿಗಳು ಒಟ್ಟಿಗೇ ಮೇಲೇಳುತ್ತವೆ. ಏಷ್ಯಾದ ಆನೆಯ ಜೊತೆ ಆಫ್ರಿಕಾದ ಆನೆಯನ್ನೂ ಸಾಕಿದ ಮೃಗಾಲಯಗಳು ನಮ್ಮ ದೇಶದಲ್ಲಿ ತೀರ ಕಡಿಮೆ, ಮೈಸೂರು ಅವುಗಳಲ್ಲೊಂದು. ಆಫ್ರಿಕಾದ ಆನೆಗೆ ಮೊರದಗಲದ ಕಿವಿ, ಸೊಂಡಿಲಿನ ತುದಿಯಲ್ಲಿ ಬೆರಳಿನಂಥ ಎರಡು ಚಾಚುಗಳು. ನಮ್ಮ ಆನೆಗೆ ಕಿವಿಯೂ ಚಿಕ್ಕದು, ಚಾಚೂ ಒಂದೇ.

2021ರಲ್ಲಿ ಜರ್ಮನಿಯಿಂದ ಬಂದ ಎರಡು ಗಂಡು ಗೊರಿಲ್ಲಾಗಳ ಮುಂದೆ ಸದಾ ಗುಂಪು. ಗೊರಿಲ್ಲಾವನ್ನು ನೇರವಾಗಿ ದಿಟ್ಟಿಸಿದರೆ ಅದು ಬೆದರಿಕೆಯೆಂದು ಭಾವಿಸುತ್ತದೆ. ಕೂಗು, ಶಿಳ್ಳೆ, ಗಾಜು ತಟ್ಟುವುದು ಇನ್ನೂ ಕೆಟ್ಟದ್ದು. ಮಲಗಿದ ಹುಲಿಯನ್ನು ಎಬ್ಬಿಸಲು ಕಿರುಚುವವರಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಎಂಬುದು ನೋವಿನ ಸಂಗತಿ. ತಿಂಡಿ ಹಾಕುವುದಕ್ಕೂ ನಿಷೇಧವಿದೆ. ಪ್ರತಿ ಪ್ರಾಣಿಗೂ ಅದರ ಹೊಟ್ಟೆಗೆ ತಕ್ಕಂತೆ ಅಳೆದ ಆಹಾರ ಕೊಡುತ್ತಾರೆ; ಚಿಪ್ಸು, ಬಿಸ್ಕತ್ತು ತಿಂದ ಕೋತಿ ಕಾಯಿಲೆ ಬೀಳುತ್ತದೆ, ಪ್ಲಾಸ್ಟಿಕ್ ನುಂಗಿದ ಜಿಂಕೆ ಸತ್ತೇಹೋಗಬಹುದು. "ಅದಕ್ಕೆ ಹೊಟ್ಟೆನೋವು ಬರುತ್ತೆ ಪುಟ್ಟಾ" ಎಂದರೆ ನಾಲ್ಕು ವರ್ಷದ ಮಗುವೂ ಕೈ ಹಿಂದೆಗೆದುಕೊಳ್ಳುತ್ತದೆ.

ಮೃಗಾಲಯದಲ್ಲಿ ಪ್ಲಾಸ್ಟಿಕ್ ನಿಷಿದ್ಧವಾದ್ದರಿಂದ ನೀರಿಗೆ ಸ್ಟೀಲ್ ಬಾಟಲಿ ಒಳ್ಳೆಯದು. ಇಡ್ಲಿಯೋ ಉಪ್ಪಿಟ್ಟೋ ಹೊಟ್ಟೆ ತುಂಬ ತಿನ್ನಿಸಿಯೇ ಒಳಗೆ ಹೊರಡಬೇಕು. ಟೋಪಿ, ಒಂದು ಜೊತೆ ಬಟ್ಟೆ, ಹಳೆಯ ಚಪ್ಪಲಿ ಸಾಕು. ಹೊಸ ಬೂಟು ಅರ್ಧ ದಾರಿಯಲ್ಲೇ ಕಚ್ಚುತ್ತದೆ. ಮಗುವಿನ ಜೇಬಿನಲ್ಲಿ ಹೆತ್ತವರ ಫೋನ್ ನಂಬರ್ ಬರೆದ ಚೀಟಿ ಇರಲೇಬೇಕು, ಗುಂಪಿನಲ್ಲಿ ಕೈ ತಪ್ಪುವುದು ಕ್ಷಣದ ಮಾತು.

ಊಟದ ಹೊತ್ತಿಗೆ ಹೊರಬಂದು ಮಕ್ಕಳನ್ನು ಮಲಗಿಸಿದರೆ ಸಂಜೆಗೆ ಪಕ್ಕದ ಕಾರಂಜಿ ಕೆರೆ ಉಳಿದಿರುತ್ತದೆ. ಅಲ್ಲಿನ ದೊಡ್ಡ ಪಕ್ಷಿಮನೆಯಲ್ಲಿ ಬಲೆಯೊಳಗೇ ಜನರು ನಡೆಯುವ ದಾರಿಯಿದೆ, ಹಕ್ಕಿಗಳು ಕಾಲ ಬಳಿಯೇ ಓಡಾಡುತ್ತವೆ. ಕೆರೆಯಲ್ಲಿ ದೋಣಿವಿಹಾರವೂ ಉಂಟು. ಆದರೆ ಬೆಳಗಿನ ಸುತ್ತಾಟಕ್ಕೇ ಮಕ್ಕಳು ಸೋತಿದ್ದರೆ ಕಾರಂಜಿ ಕೆರೆಯನ್ನು ಇನ್ನೊಂದು ದಿನಕ್ಕೆ ಬಿಡುವುದೇ ಸರಿ.