ಒಂದೇ ಸ್ಟಿಯರಿಂಗ್, ಇಬ್ಬರು ಚಾಲಕರು

ದಶಕಗಳ ಹಿಂದೆ ತಯಾರಾದ ಸ್ಪೋರ್ಟ್ಸ್ ಕಾರುಗಳನ್ನು ಆದಷ್ಟು ಮೂಲ ಸ್ವರೂಪದಲ್ಲಿಯೇ ಕಾಪಾಡಿ, ವಸ್ತುಸಂಗ್ರಹಾಲಯದ ಹಗ್ಗದಾಚೆ ನಿಲ್ಲಿಸಿಬಿಡದೆ, ಅವು ಯಾವುದಕ್ಕಾಗಿ ಹುಟ್ಟಿದವೋ ಆ ಪಂದ್ಯದ ಪಥದಲ್ಲಿಯೇ ಓಡಿಸುವ ಕ್ರೀಡೆಗೆ ವಿಂಟೇಜ್ ರೇಸ್ ಎಂದು ಹೆಸರು. ಬ್ರಿಟನ್ನಿನಲ್ಲಿ 1934ರಲ್ಲಿ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಸ್ಥಾಪನೆಯಾಯಿತು. ಅಮೆರಿಕದ ಲಗುನಾ ಸೆಕಾ ಪಥದಲ್ಲಿ 1974ರಿಂದ ಹಳೆಯ ಕಾರುಗಳ ಪಂದ್ಯಗಳು ನಡೆಯತೊಡಗಿದವು. 1966ರಲ್ಲಿ ಪಂದ್ಯಗಳನ್ನು ನಿಲ್ಲಿಸಿದ್ದ ಇಂಗ್ಲೆಂಡಿನ ಗುಡ್‌ವುಡ್ ಪಥಕ್ಕೆ 1998ರ ರಿವೈವಲ್ ಕೂಟ ಮರುಜೀವ ಕೊಟ್ಟಿತು.

ಈ ಕ್ರೀಡೆಯ ಒಂದು ಕವಲು ಪ್ರೊ-ಆ್ಯಮ್ ಪಂದ್ಯ, ಅಂದರೆ ವೃತ್ತಿಪರ ಚಾಲಕನೊಬ್ಬನೂ ಹವ್ಯಾಸಿಯೊಬ್ಬನೂ ಜೋಡಿಯಾಗಿ ಒಂದೇ ಕಾರನ್ನು ಸರದಿಯ ಮೇಲೆ ಓಡಿಸುವ ಪಂದ್ಯ. ಹವ್ಯಾಸಿ ಸಾಮಾನ್ಯವಾಗಿ ಕಾರಿನ ಒಡೆಯನೇ ಆಗಿರುತ್ತಾನೆ. 1909ರಲ್ಲಿ ಸುಮಾರು 32 ಲಕ್ಷ ಇಟ್ಟಿಗೆ ಹಾಸಿದ್ದರಿಂದ ಇಂದಿಗೂ ‘ಬ್ರಿಕ್‌ಯಾರ್ಡ್’ ಎಂದೇ ಕರೆಸಿಕೊಳ್ಳುವ ಇಂಡಿಯಾನಾಪೊಲಿಸ್ ಪಥದಲ್ಲಿ, ಸ್ಪೋರ್ಟ್ಸ್‌ಕಾರ್ ವಿಂಟೇಜ್ ರೇಸಿಂಗ್ ಅಸೋಸಿಯೇಷನ್ 2014ರಲ್ಲಿ ಇಂಥದೊಂದು ಪಂದ್ಯವನ್ನು ಧರ್ಮಾರ್ಥವಾಗಿ ಏರ್ಪಡಿಸಿತು. ಇಂಡಿ 500 ಎಂಬ ಮಹಾಪಂದ್ಯದಲ್ಲಿ ಓಡಿದ ಹಿರಿಯರು, ಅವರಲ್ಲಿ 1992 ಮತ್ತು 1994ರ ವಿಜೇತ ಆಲ್ ಅನ್ಸರ್ ಜೂನಿಯರ್ ಕೂಡ, 1960ರ ದಶಕದ ಕಾರ್ವೆಟ್, ಮಸ್ಟಾಂಗ್ ಮೊದಲಾದ ಕಾರುಗಳಲ್ಲಿ ಹವ್ಯಾಸಿಗಳಿಗೆ ಜೋಡಿಯಾದರು. ಜನ ಬರುವುದು ಹಿರಿಯರ ಹೆಸರಿಗೆ, ಕಾರು ಬರುವುದು ಹವ್ಯಾಸಿಯ ಮನೆಯಿಂದ, ಹಣ ಹೋಗುವುದು ಸತ್ಕಾರ್ಯಕ್ಕೆ. ಹುಮನಾಬಾದಿನ ಮಾಣಿಕನಗರದಲ್ಲಿ ದತ್ತ ಜಯಂತಿಯ ಸಂಗೀತ ದರ್ಬಾರಿಗೆ ದೊಡ್ಡ ಕಲಾವಿದರು ಸೇವೆಯೆಂದು ಬಂದು ಹಾಡುವುದನ್ನು ಕೇಳಿ ಬೆಳೆದ ಸೀಮೆಯವರಿಗೆ ಈ ಏರ್ಪಾಡಿನ ತಿರುಳು ಬಿಡಿಸಿ ಹೇಳಬೇಕಾದದ್ದೇನಲ್ಲ.

ಆದರೆ ಈ ಪಂದ್ಯಗಳ ನಿಜವಾದ ಸ್ವಾರಸ್ಯವಿರುವುದು ಗೇರಿನ ಕೋಲಿನಲ್ಲಿ. ಇಂದಿನ ರೇಸ್ ಕಾರಿನಲ್ಲಿ ಸ್ಟಿಯರಿಂಗಿನ ಹಿಂದಿನ ಪಟ್ಟಿಯನ್ನು ಬೆರಳಿನಿಂದ ಎಳೆದರೆ ಗೇರು ಬದಲಾಗುತ್ತದೆ. ಯುದ್ಧಪೂರ್ವದ ಕಾರುಗಳಲ್ಲಿ ಹಾಗಲ್ಲ. ತಿರುಗುವ ಹಲ್ಲುಗಾಲಿಗಳ ವೇಗವನ್ನು ತಾನಾಗಿಯೇ ಸರಿಹೊಂದಿಸುವ ಸಿಂಕ್ರೊಮೆಶ್ ಎಂಬ ವ್ಯವಸ್ಥೆ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಕಾಣಿಸಿಕೊಂಡದ್ದೇ 1928ರಲ್ಲಿ, ಅದು ಎಲ್ಲೆಡೆ ಹರಡಲು ಇನ್ನೂ ಬಹಳ ಕಾಲ ಹಿಡಿಯಿತು. ಅದಿಲ್ಲದ ಪೆಟ್ಟಿಗೆಯಲ್ಲಿ ಗೇರು ಇಳಿಸಬೇಕಾದ ಚಾಲಕ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಎಕ್ಸಲರೇಟರನ್ನು ಒಂದೇ ಸಲ ಹದವಾಗಿ ತುಳಿದು ಪೆಟ್ಟಿಗೆಯೊಳಗಿನ ಗಾಲಿಗಳ ವೇಗವನ್ನು ಏರಿಸಿ, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕುತ್ತಾನೆ. ಹದ ತಪ್ಪಿದರೆ ಹಲ್ಲಿಗೆ ಹಲ್ಲು ತಾಗಿ ಗೇರು ಕಿರ್ರೆಂದು ಕಿರುಚುತ್ತದೆ, ಸರಿಯಾದರೆ ಕೋಲು ಸದ್ದಿಲ್ಲದೆ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಇದನ್ನು ಪುಸ್ತಕದಿಂದ ಕಲಿತವರಿಲ್ಲ. ಪಕ್ಕದಲ್ಲಿ ಕುಳಿತು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕಲಿಯಬೇಕು.

ಡಬಲ್ ಕ್ಲಚ್ ಎಂಬ ಈ ವಿದ್ಯೆ ಬಸವಕಲ್ಯಾಣದ ಹಳೆಯ ಲಾರಿ ಚಾಲಕರಿಗೆ ಕರತಲಾಮಲಕ. ಪುಣೆ, ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯೂ ನಾಂದೇಡದಿಂದ ಕಲಬುರಗಿಯತ್ತ ಇಳಿಯುವ 50ನೆಯ ಹೆದ್ದಾರಿಯೂ ಕೂಡುವ ಹುಮನಾಬಾದು, ಅದೇ 65ನೆಯ ಹೆದ್ದಾರಿಯ ಸಸ್ತಾಪುರ ಬಂಗ್ಲಾದಿಂದ ಒಳಗಿರುವ ಬಸವಕಲ್ಯಾಣ, ಇವೆರಡೂ ಲಾರಿಯನ್ನೇ ನಂಬಿ ಬೆಳೆದ ಊರುಗಳು. ಬಸವಕಲ್ಯಾಣದ ಆಟೋನಗರ ಇಂದಿಗೂ ಬಾಡಿ ಕಟ್ಟುವ ಮೇಸ್ತ್ರಿಗಳಿಂದ ಗುಜರಿ ವ್ಯಾಪಾರಿಗಳವರೆಗೆ ಹಲವರ ಅನ್ನದ ದಾರಿ. 1954ರಿಂದ 1969ರವರೆಗೆ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಜಮ್‌ಶೆಡ್‌ಪುರದಲ್ಲಿ ತಯಾರಿಸಿದ, ಮೂಗಿನ ಮೇಲೆ ಬೆಂಜಿನ ನಕ್ಷತ್ರ ಹೊತ್ತ ಲಾರಿಗಳನ್ನು ಪಳಗಿಸಿದ ಪೀಳಿಗೆಯಲ್ಲಿ, ಎಡಬದಿಯಲ್ಲಿ ಕೂರುವ ಕ್ಲೀನರ್ ಹುಡುಗ ವರ್ಷಗಟ್ಟಲೆ ಟೈರು ತಟ್ಟಿ, ಗಾಜು ಒರೆಸಿ, ಉಸ್ತಾದನ ಕಾಲಿನ ಲಯ ನೋಡುತ್ತಲೇ ಚಾಲಕನಾದ. ಇಂಡಿಯಾನಾಪೊಲಿಸ್ಸಿನಲ್ಲಿ ಟಿಕೆಟ್ ಕೊಂಡು ನೋಡುವ ಜೋಡಿ ಇಲ್ಲಿ ಸಂಬಳವೂ ಸರಿಯಾಗಿಲ್ಲದೆ ರಾತ್ರಿಯಿಡೀ ಓಡಿದೆ ಎಂದರೆ ತಪ್ಪಾಗದು.

ವಿಂಟೇಜ್ ಪಂದ್ಯದ ಶಿಸ್ತನ್ನೂ ಹೇಳಬೇಕು. ಬದಲಿ ಭಾಗ ಸಿಗದ ಕಾರುಗಳಿಗೆ ಪೆಟ್ಟಾಗಬಾರದೆಂದು ಅಮೆರಿಕದ ಹಲವು ಸಂಘಗಳು ‘13/13’ ನಿಯಮ ಪಾಲಿಸುತ್ತವೆ: ಅಪಘಾತಕ್ಕೆ ಕಾರಣನಾದವನು 13 ತಿಂಗಳು ನಿಗಾದಲ್ಲಿರಬೇಕು, ಆ ಅವಧಿಯಲ್ಲಿ ಮತ್ತೊಮ್ಮೆ ತಪ್ಪಿದರೆ 13 ತಿಂಗಳು ಪಥಕ್ಕಿಳಿಯುವಂತಿಲ್ಲ. ಗೆಲುವಿಗಿಂತ ಯಂತ್ರ ದೊಡ್ಡದೆಂಬ ಈ ಮರ್ಯಾದೆ ಆಧುನಿಕ ಕ್ರೀಡೆಯಲ್ಲಿ ಅಪರೂಪ.

ಕರ್ನಾಟಕದಲ್ಲಿ ಹಳೆಯ ಕಾರುಗಳಿಗೆ ಸಂರಕ್ಷಕರಿಲ್ಲವೆಂದಲ್ಲ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿದೆ, ಬೆಂಗಳೂರಿನಲ್ಲಿ ವಿಂಟೇಜ್ ರ‍್ಯಾಲಿಗಳು ನಡೆಯುತ್ತವೆ. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿಯನ್ನು 20,000 ರೂಪಾಯಿ ಶುಲ್ಕಕ್ಕೆ ಹತ್ತು ವರ್ಷಗಳ ಮಟ್ಟಿಗೆ ಕೊಡುತ್ತದೆ, ಪ್ರದರ್ಶನಕ್ಕೂ ರ‍್ಯಾಲಿಗೂ ರಸ್ತೆಗಿಳಿಯಲು ಅವಕಾಶ ಮಾಡುತ್ತದೆ. ಆದರೆ ಆ ಅವಕಾಶವಿರುವುದು ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ಮಾತ್ರ. ಸರಕು ಲಾರಿ, ಎಷ್ಟೇ ಹಳೆಯದಾಗಿರಲಿ, ಎಷ್ಟೇ ಅಚ್ಚುಕಟ್ಟಾಗಿರಲಿ, ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಬೆಂಜ್ ಲಾರಿಯೊಂದು ಉಳಿದುಕೊಂಡಿದ್ದರೂ ಅದರ ಬೆಲೆಯನ್ನು ಗುಜರಿಯ ತಕ್ಕಡಿಯೇ ನಿರ್ಧರಿಸಬೇಕಾಗುತ್ತದೆ. ನಿಯಮಕ್ಕೆ ಒಂದು ಸಾಲು ಸೇರಿಸಿದರೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಇಂಥ ಲಾರಿಗಳನ್ನು ಓಡಿಸಿ, ಎಡಬದಿಯಲ್ಲಿ ಹೊಸ ಹುಡುಗರನ್ನು ಕೂರಿಸಿ, ಬಂದ ಹಣವನ್ನು ಅಪಘಾತದಲ್ಲಿ ಮಡಿದ ಚಾಲಕರ ಕುಟುಂಬಗಳಿಗೆ ಕೊಡಬಹುದು. ಕಲಿಸಬಲ್ಲ ಉಸ್ತಾದರಿಗೆ ಮಾತ್ರ ಈಗಾಗಲೇ ಎಪ್ಪತ್ತು ದಾಟಿದೆ.