ಮೊಬೈಲೂ ಮರೆವೂ

ಮರೆವು ಮನುಷ್ಯನಿಗೆ ಹೊಸದಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುವುದೆಂದು ಅಳೆದು, 1885ರಲ್ಲಿ ಅದನ್ನೊಂದು ಗ್ರಂಥವಾಗಿ ಪ್ರಕಟಿಸಿದನು. ಕಲಿತುದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಂದು ಗಂಟೆಯೊಳಗಾಗಿ ಜಾರಿಹೋಗುತ್ತದೆ, ಅನಂತರ ಜಾರುವ ವೇಗ ಕಡಮೆಯಾಗುತ್ತದೆ ಎಂಬುದು ಅವನು ಕಂಡ ಸಂಗತಿ. ಆಗ ಮೊಬೈಲು ಇರಲಿಲ್ಲ. ಆದುದರಿಂದ “ಈ ಹಾಳು ಫೋನಿನಿಂದಲೇ ಹುಡುಗರಿಗೆ ಏನೂ ನೆನಪಿರುವುದಿಲ್ಲ” ಎಂದು ಹಿರಿಯರು ಆಡುವ ಮಾತನ್ನು ಹಾಗೆಯೇ ಒಪ್ಪಲೂ ಆಗದು, ತಳ್ಳಿಹಾಕಲೂ ಆಗದು. ಅದರಲ್ಲಿ ನಿಜಾಂಶವೆಷ್ಟು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನೆನಪೆಂಬುದು ಪೆಟ್ಟಿಗೆಯಲ್ಲಿ ಒಡವೆಯನ್ನಿಟ್ಟು ಬೀಗ ಹಾಕಿದಂತಲ್ಲ. ಮೊದಲು ಗಮನವಿಟ್ಟು ಗ್ರಹಿಸಬೇಕು. ಗ್ರಹಿಸಿದ್ದು ಮನಸ್ಸಿನಲ್ಲಿ ನಿಲ್ಲಬೇಕು. ಬೇಕಾದಾಗ ಅದನ್ನು ಹೊರತೆಗೆಯಬೇಕು. ಫೋನು ನಮ್ಮ ತಲೆಯೊಳಗೆ ಕೈಹಾಕಿ ಇದ್ದುದನ್ನು ಕದಿಯುವುದಿಲ್ಲ. ಅದು ಮುಟ್ಟುವುದು ಎರಡು ಕೊನೆಗಳನ್ನು: ಗ್ರಹಿಸುವ ಶ್ರಮವನ್ನೂ ಹೊರತೆಗೆಯುವ ಶ್ರಮವನ್ನೂ ನಮಗೆ ತಪ್ಪಿಸುತ್ತದೆ. ನನಗೆ ತೋರುವಂತೆ ಇಡೀ ವಿಷಯದ ಗುಟ್ಟು ಇಲ್ಲಿದೆ.

ಅಮೆರಿಕದಲ್ಲಿ ಬೆಟ್ಸಿ ಸ್ಪ್ಯಾರೋ ಎಂಬವರೂ ಅವರ ಸಹೋದ್ಯೋಗಿಗಳೂ ನಡೆಸಿದ ಪ್ರಯೋಗಗಳು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದವು. ಒಂದು ಪ್ರಯೋಗದಲ್ಲಿ ಕೆಲವರಿಗೆ 40 ಸಣ್ಣ ಸಂಗತಿಗಳನ್ನು ಕೊಟ್ಟು ಕಂಪ್ಯೂಟರಿನಲ್ಲಿ ಟೈಪುಮಾಡಿಸಿದರು. ಅರ್ಧ ಮಂದಿಗೆ ‘ಇದು ಉಳಿಯುತ್ತದೆ’ ಎಂದೂ ಉಳಿದವರಿಗೆ ‘ಇದು ಅಳಿಸಿಹೋಗುತ್ತದೆ’ ಎಂದೂ ಹೇಳಿದರು. ಅಳಿಸಿಹೋಗುವುದೆಂದು ನಂಬಿದವರೇ ಹೆಚ್ಚು ನೆನಪಿಟ್ಟುಕೊಂಡಿದ್ದರು. ಮತ್ತೊಂದು ಪ್ರಯೋಗದಲ್ಲಿ, ಸಂಗತಿಗಿಂತ ಅದನ್ನು ಯಾವ ಕಡತದಲ್ಲಿ ಇಟ್ಟಿದೆ ಎಂಬುದು ಚೆನ್ನಾಗಿ ನೆನಪಿತ್ತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಈ ಲೇಖನದ ಒಂದು ಪ್ರಯೋಗವನ್ನು ಬೇರೆ ವಿಜ್ಞಾನಿಗಳು ಮತ್ತೆ ಮಾಡಿ ನೋಡಿದಾಗ ಅದೇ ಫಲ ಬರಲಿಲ್ಲವೆಂದು 2018ರಲ್ಲಿ ಪ್ರಕಟವಾಯಿತು. ಆದ್ದರಿಂದ ಇದನ್ನು ವೇದವಾಕ್ಯವೆನ್ನಲಾಗದು.

ನಮ್ಮ ತರಗತಿಗೆ ಇದಕ್ಕಿಂತ ಹತ್ತಿರವಾದದ್ದು ಲಿಂಡಾ ಹೆಂಕೆಲ್ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನ. ವಸ್ತುಸಂಗ್ರಹಾಲಯದಲ್ಲಿ ವಿದ್ಯಾರ್ಥಿಗಳು ಕೆಲವು ವಸ್ತುಗಳನ್ನು ಬರಿಯ ಕಣ್ಣಿನಿಂದ ನೋಡಿದರು, ಕೆಲವನ್ನು ಫೋಟೋ ತೆಗೆದರು. ಮರುದಿನ ಕೇಳಿದಾಗ, ಫೋಟೋ ತೆಗೆದವುಗಳ ನೆನಪೇ ಕಡಮೆಯಾಗಿತ್ತು. ಕಪ್ಪುಹಲಗೆಯ ಮೇಲೆ ಮೇಷ್ಟ್ರು ಬರೆದು ಮುಗಿಸುವುದೇ ತಡ, ಇಪ್ಪತ್ತು ಫೋನುಗಳು ಮೇಲೇಳುವುದನ್ನು ದಿನವೂ ನೋಡುವ ನಮಗೆ ಇದರ ಅರ್ಥ ಹೇಳಬೇಕಾಗಿಲ್ಲ. ಆದರೆ ಅದೇ ಅಧ್ಯಯನದಲ್ಲಿ, ವಸ್ತುವಿನ ಒಂದು ಭಾಗವನ್ನೇ ಆರಿಸಿ ಹತ್ತಿರಕ್ಕೆಳೆದು ಫೋಟೋ ತೆಗೆದಾಗ ನೆನಪು ಕುಂದಲಿಲ್ಲ. ಎಂದ ಮೇಲೆ ದೋಷ ಯಂತ್ರದ್ದಲ್ಲ, ‘ತೆಗೆದಾಯಿತು, ಇನ್ನು ನೋಡಬೇಕಾಗಿಲ್ಲ’ ಎಂಬ ನಿಶ್ಚಿಂತೆಯದು.

ದಾರಿಯ ನೆನಪಿನ ಮಾತು ಇನ್ನೂ ಸ್ವಾರಸ್ಯವಾದುದು. ನಮ್ಮ ತಂದೆಯವರು ಹೆಬ್ಬಾಳದಲ್ಲಿ ಆಟೋ ಓಡಿಸುತ್ತಾರೆ. ಮೇಖ್ರಿ ಸರ್ಕಲ್ಲಿನಲ್ಲಿ ವಾಹನಗಳು ನಿಂತವೆಂದರೆ ಭೂಪಸಂದ್ರ, ಸಂಜಯನಗರ, ಮತ್ತಿಕೆರೆಗಳ ಮೇಲೆ ಯಶವಂತಪುರ ಸೇರುವ ಓಣಿಗಳು ಅವರ ಕಣ್ಣಮುಂದೆ ಕಟ್ಟಿದಂತಿರುತ್ತವೆ. ಲಂಡನ್ನಿನ ಟ್ಯಾಕ್ಸಿಯವರು ಲೈಸೆನ್ಸು ಪಡೆಯಬೇಕಾದರೆ ಸುಮಾರು 25,000 ಬೀದಿಗಳನ್ನು ಕಂಠಸ್ಥ ಮಾಡಬೇಕು. ಎಲೀನರ್ ಮ್ಯಾಗ್ವೈರ್ ಮತ್ತು ಸಂಗಡಿಗರು ಅಂಥವರ ಮಿದುಳನ್ನು ಪರೀಕ್ಷಿಸಿ, ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಇತರರಿಗಿಂತ ದೊಡ್ಡದಾಗಿದೆಯೆಂದು 2000ದಲ್ಲಿ ತೋರಿಸಿದರು. ಗೊತ್ತಾದ ಮಾರ್ಗದಲ್ಲೇ ಹೋಗಿಬರುವ ಬಸ್ ಚಾಲಕರೊಡನೆ ಹೋಲಿಸಿದಾಗಲೂ ಟ್ಯಾಕ್ಸಿಯವರದೇ ದೊಡ್ಡದೆಂದು 2006ರಲ್ಲಿ ಕಂಡುಬಂದಿತು. ಫೋನು ‘ಎಡಕ್ಕೆ ತಿರುಗಿ’ ಎಂದೊಡನೆ ಎಡಕ್ಕೆ ತಿರುಗುವವನು ಊರನ್ನೆಲ್ಲ ಸುತ್ತಿದರೂ ಬಸ್ ಚಾಲಕನಂತೆಯೇ ಅಲ್ಲವೆ?

ನನ್ನ ತಾಯಿ ಯಲಹಂಕದ ಹಳೆಯ ಊರಿನಲ್ಲಿ ಹೂ ಮಾರುತ್ತಾರೆ. ಮೂವತ್ತಕ್ಕೂ ಹೆಚ್ಚು ಮನೆಗೆ ವರ್ತನೆ ಹೂ ಕೊಡುತ್ತಾರೆ. ಯಾರಿಗೆ ಎಷ್ಟು ಮೊಳ, ಯಾರಿಗೆ ಶುಕ್ರವಾರ ಮಾತ್ರ ಕನಕಾಂಬರ, ಯಾರು ಊರಿಗೆ ಹೋಗಿ ಎಷ್ಟು ದಿನ ಬೇಡವೆಂದರು, ಯಾರ ಬಾಕಿ ಎಷ್ಟು, ಎಲ್ಲವೂ ಬಾಯಲ್ಲೇ. ಅವರಿಗೆ ಓದುಬರಹ ಬಾರದು. ಬರೆದಿಡೋಣವೇ ಎಂದು ಒಮ್ಮೆ ಕೇಳಿದೆ. “ಬರ್ದಿಟ್ರೆ ಮರ್ತೋಗುತ್ತೆ ಕಣಪ್ಪಾ” ಎಂದರು. ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋವಿನ ‘ಫೀಡ್ರಸ್’ ಸಂವಾದದಲ್ಲಿ ಈಜಿಪ್ಟಿನ ದೊರೆಯೊಬ್ಬನು ಬರವಣಿಗೆಯ ವಿದ್ಯೆಯನ್ನು ಕುರಿತು ಇದೇ ಆಕ್ಷೇಪಣೆಯನ್ನೆತ್ತುತ್ತಾನೆಂಬುದು ಅವರಿಗೆ ತಿಳಿಯದು. ಅಂಕಿಗಳನ್ನು ಅಂಕಿಗಳಾಗಿ ಅವರು ನೆನಪಿಡುವುದಿಲ್ಲ. ‘ಗೌರಿಹಬ್ಬದ ಹಿಂದಿನ ದಿನ, ಸೊಸೆ ಬಂದಿದ್ದಾಗ, ಎರಡು ಮಾರು’ ಎಂದು ಸಂದರ್ಭಕ್ಕೆ ಗಂಟುಹಾಕುತ್ತಾರೆ. ಅವಧಾನಿಗಳಿಗೆ ಛಂದಸ್ಸು ಹೇಗೋ ಹಾಗೆ. ಬೆಂಗಳೂರಿನಲ್ಲಿ 2012ರಲ್ಲಿ ಆರ್. ಗಣೇಶ್ ಅವರು ಕನ್ನಡದಲ್ಲಿ ಶತಾವಧಾನ ನಡೆಸಿ, ನೂರು ಮಂದಿ ಪೃಚ್ಛಕರನ್ನು ಎದುರಿಸಿದುದೂ ಲೇಖನಿಯಿಲ್ಲದೆಯೇ.

ಹಾಗೆಂದು ತಲೆಯ ಲೆಕ್ಕವನ್ನೇ ಹೊಗಳುತ್ತ ಕೂರುವಂತಿಲ್ಲ. ಹೋದ ವರ್ಷ ತಾಯಿ ನಾಲ್ಕು ದಿನ ಜ್ವರದಿಂದ ಮಲಗಿದಾಗ ಹೂ ಕೊಡುವ ಕೆಲಸ ನನಗೆ ಬಂದಿತು. ಅವರ ತಲೆಯಲ್ಲಿದ್ದುದು ಬೇರೊಬ್ಬರ ಕೈಗೆ ದಾಟುವಂತಿರಲಿಲ್ಲ. ಜ್ವರದಲ್ಲೇ ಅವರು ಒಂದೊಂದು ಮನೆಯಾಗಿ ಹೇಳಿದರು, ನಾನು ಫೋನಿನಲ್ಲಿ ಇಳಿಸಿಕೊಂಡೆ. ನಮ್ಮ ಮನೆಯಲ್ಲಿ ಡಿಗ್ರಿಯವರೆಗೆ ಬಂದವನು ನಾನೇ ಮೊದಲು. ನೆನಪೇ ಬಂಡವಾಳವಾಗಿದ್ದ ಮನೆಯಿಂದ ಬಂದು, ಅಕ್ಷರವನ್ನು ಕಲಿತು, ಆ ಎರಡನ್ನೂ ಯಂತ್ರಕ್ಕೆ ಒಪ್ಪಿಸಿಬಿಟ್ಟರೆ ನನ್ನದೆನ್ನುವುದು ಏನು ಉಳಿದೀತೆಂದು ಅಂದು ಮೊದಲ ಬಾರಿಗೆ ಯೋಚಿಸಿದೆ.

ಮುಂದೆ ಮಾಡಬೇಕಾದ ಕೆಲಸವನ್ನು ನೆನಪಿಸುವುದರಲ್ಲಿ ಫೋನಿಗೆ ಸಮನಿಲ್ಲ. ಅಜ್ಜಿಯ ರಕ್ತದೊತ್ತಡದ ಮಾತ್ರೆ, ಪರೀಕ್ಷಾಶುಲ್ಕದ ಕಡೆಯ ದಿನ, ಇವುಗಳನ್ನು ಅದಕ್ಕೇ ವಹಿಸುವುದು ಕ್ಷೇಮ. ಹತ್ತು ಅಂಕಿಯ ದೂರವಾಣಿ ಸಂಖ್ಯೆಗಳನ್ನೆಲ್ಲ ತಲೆಯಲ್ಲಿಡುವ ಹಟವೂ ಬೇಡ. ಮನೆಯವರದು ಎರಡು ಮೂರು ಬಾಯಿಗೆ ಬಂದರೆ ಸಾಕು, ಬ್ಯಾಟರಿ ಮುಗಿದ ರಾತ್ರಿ ಕೆಲಸಕ್ಕೆ ಬರುತ್ತವೆ. ಪಾಠದ ವಿಷಯ ಮಾತ್ರ ಬೇರೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬವರು 2006ರಲ್ಲಿ ತೋರಿಸಿದಂತೆ, ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ಮೇಲೆ ಹೆಚ್ಚು ನೆನಪಿತ್ತು. ಪುಸ್ತಕ ಮುಚ್ಚಿ ನೆನೆದು ಬರೆದವರಿಗೆ ಒಂದು ವಾರದ ಮೇಲೆ ಹೆಚ್ಚು ನೆನಪಿತ್ತು. ನಮ್ಮ ಪರೀಕ್ಷೆಗಳು ಐದು ನಿಮಿಷದ ಮೇಲೆ ಬರುವುದಿಲ್ಲ.

ಯಲಹಂಕದ ಕಡೆ ಹೋಗುವ ನಾವು ನಾಲ್ವರು ಸಂಜೆ ಬಸ್ಸಿನಲ್ಲಿ ಫೋನನ್ನು ಚೀಲಕ್ಕೆ ಹಾಕಿ, ಅಂದಿನ ಪಾಠವನ್ನು ಒಬ್ಬರನ್ನೊಬ್ಬರು ಕೇಳುತ್ತೇವೆ. ಉತ್ತರ ತೋಚದಾಗ ಕೈ ತಾನಾಗಿ ಚೀಲದ ಕಡೆಗೆ ಹೋಗುತ್ತದೆ. ಒಂದು ನಿಮಿಷ ತಡೆದರೆ ಅನೇಕ ವೇಳೆ ಉತ್ತರವೇ ಬಂದುಬಿಡುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ಬಳಿ ಇದಕ್ಕೆ ಬೇಕಾದಷ್ಟು ಸಮಯ ದೊರೆಯುತ್ತದೆ.